ರೂಪಾಲಿಯ ಬೇರೆ ಒಲೆ

ಜುಗೂಳದಲ್ಲಿ ರೂಪಾಲಿಯ ಸಿಟ್ಟಿನ ರುಚಿ ನೋಡದವರು ಕಡಿಮೆ. ಡೇರಿಯವನು ಹಾಲಿನ ಅಳತೆಯಲ್ಲಿ ಕೈಚಳಕ ತೋರಿಸಿದಾಗ ಕ್ಯಾನನ್ನು ಅವನ ಕಣ್ಣೆದುರೇ ಬೋರಲು ಹಾಕಿ ಬಂದವಳು ಅವಳು. ಬಸದಿಯ ಕಮಿಟಿಯ ಹಿರಿಯರು ಹೆಂಗಸರ ಸೇವೆಯ ಪಾಳಿಯನ್ನು ಯಾರನ್ನೂ ಕೇಳದೆ ಬದಲಿಸಿದರು. ಆಗ ಪೂಜೆ ಮುಗಿಯುವ ತನಕ ತುಟಿ ಬಿಚ್ಚದೆ ಕೂತು, ಮುಗಿದ ಕೂಡಲೇ ಅಲ್ಲೇ ಅವರ ನೀರಿಳಿಸಿದಳು. "ಆಕಿ ಬಾಯಿಗೆ ಹತ್ತಬ್ಯಾಡ್ರಿ" ಎಂದು ಊರು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತದೆ. ಆದರೆ ಆ ಬಾಯಿ ಯಾರ ಮೇಲೆ ಬಿದ್ದಿತು, ಯಾಕೆ ಬಿದ್ದಿತು ಎಂದು ಯಾರೂ ಲೆಕ್ಕ ಹಾಕಿ ನೋಡಿದವರಲ್ಲ. ಅವಳು ಬೈದವರೆಲ್ಲ ಬೈಸಿಕೊಳ್ಳಲು ತಕ್ಕವರೇ ಆಗಿದ್ದರು.

ತವರು ನಿಪ್ಪಾಣಿ. ಅಪ್ಪನದು ಕಿರಾಣಿ ಅಂಗಡಿ, ಕಲಿತದ್ದು ಮರಾಠಿ ಶಾಲೆಯಲ್ಲಿ. ಮದುವೆಯಾಗಿ ಕೃಷ್ಣೆಯ ದಂಡೆಯ ಈ ಊರಿಗೆ ಬಂದಾಗ ಅವಳಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಮಗಳು ಬ್ರಾಹ್ಮಿ ಒಂದನೇ ಇಯತ್ತೆಗೆ ಸೇರಿದ ವರ್ಷ ಅವಳ ಪಕ್ಕದಲ್ಲೇ ಕೂತು, ಅದೇ ಪುಸ್ತಕದಿಂದ ತಾನೂ ಅಕ್ಷರ ಕಲಿತಳು. ಕಲಿಯುವಾಗ ತಪ್ಪಿದರೆ ಮಗಳೇ ಗದರುತ್ತಿದ್ದಳು. ಊರನ್ನೇ ಗದರುವ ಹೆಂಗಸು ಆರು ವರ್ಷದ ಕೂಸಿನ ಮುಂದೆ ತಲೆ ತಗ್ಗಿಸಿ ಒತ್ತಕ್ಷರ ತಿದ್ದುತ್ತಿದ್ದಳು.

ಬ್ರಾಹ್ಮಿಯದು ಬೇರೆಯೇ ತಲೆ ಎಂದು ಮೊದಲು ತಿಳಿದದ್ದು ಒಂದು ಬಸ್ಸಿನ ಪ್ರಯಾಣದ ನಂತರ. ಕುಡಚಿಗೆ ಹೋಗಿಬಂದ ಸಂಜೆ ಹುಡುಗಿ ಇದ್ದಲಿ ತೆಗೆದುಕೊಂಡು ಪಡಸಾಲೆಯ ನೆಲದ ಮೇಲೆ ಗೆರೆ ಎಳೆಯತೊಡಗಿದಳು. ಎಲ್ಲಿ ರಸ್ತೆ ಹೊರಳಿತು, ಎಲ್ಲಿ ಹೊಳೆ ಬಲಗಡೆಯಿಂದ ಎಡಗಡೆಗೆ ಬಂತು, ಉಗಾರದ ಫ್ಯಾಕ್ಟರಿಯ ಹೊಗೆ ಯಾವ ತಿರುವಿನಲ್ಲಿ ಕಂಡಿತು, ಎಲ್ಲ ಅಲ್ಲಿ ಇತ್ತು. ಹೊಸದಾಗಿ ಸಾರಿಸಿದ ನೆಲ ಕರಿ ಮಾಡಿದ್ದಾಳೆಂದು ಬೈಯಲು ಬಂದ ರೂಪಾಲಿ, ಬೈಯುವುದು ಮರೆತು ನೋಡುತ್ತ ನಿಂತಳು. ಗಂಡ ಸನ್ಮತಿ ಬಂದು ನೋಡಿದ. "ಇದು ನಾವು ಹೋದ ಹಾದಿನ ಐತಿ" ಎಂದ. ಮನೆಯವರು ಎರಡು ದಿನ ಆ ನೆಲ ತುಳಿಯಲಿಲ್ಲ.

ಕನ್ನಡ ಶಾಲೆಯ ಪೂನಮ ಟೀಚರ್ ಇವರ ಮನೆಗೇ ಬಂದು ಹೇಳಿದ್ದು ಬ್ರಾಹ್ಮಿ ಐದನೇ ಇಯತ್ತೆಯಲ್ಲಿದ್ದಾಗ. ಸಹಕಾರಿ ಸಕ್ಕರೆ ಕಾರ್ಖಾನೆಯ ಟ್ರಸ್ಟು ತನ್ನ ಶಾಲೆಯಲ್ಲಿ 'ಪ್ರತಿಭಾ ವರ್ಗ' ಎಂದು ಹೊಸದು ತೆಗೆದಿತ್ತು. ಪರೀಕ್ಷೆ ಬರೆಸಿ ಜಾಣ ಮಕ್ಕಳನ್ನು ಆರಿಸಿ, ಆರನೇ ಇಯತ್ತೆಯಿಂದ ಬೇರೆಯೇ ಮಾಸ್ತರರು, ಬೇರೆಯೇ ಪ್ರಯೋಗಶಾಲೆ. ಬಸ್ಸು ಊರ ಬಾಗಿಲಿಗೇ ಬರುತ್ತದೆ. "ಇಲ್ಲಿ ನಾ ಆಕಿಗೆ ಕಲಸೂದು ಏನೂ ಉಳದಿಲ್ರಿ. ಸುಮ್ಮ ಕೂತು ಕೂತು ಹುಡುಗಿ ಮಬ್ಬ ಆಗ್ತಾಳ" ಎಂದರು ಟೀಚರ್. ತನ್ನ ಮಗಳು ಮಬ್ಬಾಗುತ್ತಾಳೆ ಎಂಬ ಮಾತು ರೂಪಾಲಿಯ ಎದೆಗೆ ನೆಟ್ಟಿತು. ಅಂದಿನಿಂದ ಅವಳಿಗೆ ಆ ವರ್ಗ ಬಿಟ್ಟು ಬೇರೆ ಧ್ಯಾಸವಿಲ್ಲ.

ಇಲ್ಲಿ ಶೇರಿನ ವಿಷಯ ಹೇಳಲೇಬೇಕು, ಇಲ್ಲದಿದ್ದರೆ ಹೊರಗಿನವರಿಗೆ ಮುಂದಿನ ಅನ್ಯಾಯ ತಲೆಗೆ ಹತ್ತುವುದಿಲ್ಲ. ಈ ಸೀಮೆಯಲ್ಲಿ ಮನೆಗೆ ಅಡ್ಡಹೆಸರು ಇರುವಂತೆ ಕಾರ್ಖಾನೆಯ ಶೇರೂ ಇರುತ್ತದೆ. ದೀಪಾವಳಿಗೆ ಅಗ್ಗದ ಸಕ್ಕರೆ ಬೇಕೆಂದರೆ ಶೇರು ನಂಬರು ಹೇಳಬೇಕು. ವಾರ್ಷಿಕ ಸಭೆಯ ಊಟಕ್ಕೂ ಅದೇ ನಂಬರು. ಎಲ್ಲಕ್ಕಿಂತ ಮುಖ್ಯ, ಕಬ್ಬು ಕಡಿಯುವ ಟೋಳಿ ಯಾರ ಹೊಲಕ್ಕೆ ಯಾವಾಗ ಬರಬೇಕೆಂಬ ಪಾಳಿ ಹತ್ತುವುದೂ ಶೇರಿನ ಮೇಲೆಯೇ. ಶೇರಿಲ್ಲದವನ ಕಬ್ಬು ಎಲ್ಲರದೂ ಮುಗಿದ ಮೇಲೆ, ಅರ್ಧ ಒಣಗಿದ ಮೇಲೆ. ಈ ಮನೆಯ ಶೇರು ಮಾವ ಬಾಹುಬಲಿ ತೆಗೆದದ್ದು. ಮಾವ ತೀರಿಕೊಂಡ ಮೇಲೆ ಹಿರಿಯ ಮಗ ಶ್ರೇಣಿಕನ ಹೆಸರಿಗೆ ಆಯಿತು. ಹೆಸರಿಗೆ ಅವನದು, ಬಳಕೆಗೆ ಎಲ್ಲರದು. ಅಣ್ಣ ತಮ್ಮ ಒಂದೇ ಒಲೆಯಲ್ಲಿ ಉಣ್ಣುತ್ತಿದ್ದರು, ಇಬ್ಬರ ಕಬ್ಬೂ ಅದೇ ನಂಬರಿನ ಮೇಲೆ ಹೋಗುತ್ತಿತ್ತು.

ಪರೀಕ್ಷೆಗೆ ಹೆಸರು ಹಚ್ಚಲು ಹೋದ ದಿನ ಶಾಲೆಯ ಕಿಟಕಿಯಲ್ಲಿ ಕೂತವನು ರಾವಸಾಹೇಬ ಎಂಬ ಕಾರಕೂನ. ದೀಪಾವಳಿಯ ಸಕ್ಕರೆ ಕೊಡುವ ಕಿಟಕಿಯಲ್ಲೂ ಕೂರುವವನು ಅವನೇ.

"ಶೇರ ನಂಬರ ಹೇಳ್ರಿ, ವೈನಿ" ಎಂದ.

ಸಕ್ಕರೆಗೆ ಹೇಳುವ ಹಾಗೆಯೇ ರೂಪಾಲಿ ಥಟ್ಟನೆ ಹೇಳಿದಳು. ಕೇಳದಿದ್ದರೂ ಸೇರಿಸಿದಳು: "ನಮ್ಮ ಭಾವಾರ ಹೆಸರಲೆ ಐತ್ರಿ. ಹಳೇ ಶೇರ, ಮಾವನೋರು ತಗೊಂಡಿದ್ದು." ಹೇಳುವಾಗ ಸ್ವಲ್ಪ ಬೀಗಿದಳು ಕೂಡ. ಶೇರಿನವರಿಗೆ ಒಂದು ಪಾಳಿ, ಉಳಿದವರಿಗೆ ಬರೀ ಅಂಕದ ಮೇಲೆ ಸೀಟು ಕೊಡುವ 'ಖುಲ್ಲಾ' ಎಂಬ ಇನ್ನೊಂದು ಪಾಳಿ ಇದೆ ಎಂದು ಅವನು ಹೇಳಲಿಲ್ಲ. ಶೇರಿನ ಪಾಳಿಯಲ್ಲಿ ಒಂದು ಶೇರಿಗೆ ಒಂದೇ ಸೀಟು, ಅದಕ್ಕೂ ಶೇರುದಾರನ ಸಹಿ ಬೇಕು ಎಂದೂ ಹೇಳಲಿಲ್ಲ. ನಂಬರು ಹೇಳದೆ ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ಕಾರ್ಖಾನೆಯ ಕಿಟಕಿಯ ಮುಂದೆ ನಿಂತು ಶೇರು ನಂಬರು ಹೇಳದೆ ಇರುವವರು ಈ ನಾಡಿನಲ್ಲಿ ಎಲ್ಲಿದ್ದಾರೆ? ಹಿಂದಿನ ದಿನ ಶ್ರೇಣಿಕನೂ ಅದೇ ಕಿಟಕಿಯಲ್ಲಿ, ಅದೇ ನಂಬರಿನ ಮೇಲೆ, ತನ್ನ ಮಗ ವೃಷಭನ ಹೆಸರು ಹಚ್ಚಿ ಬಂದಿದ್ದ.

ಪರೀಕ್ಷೆಯ ಫಲ ಮೊಬೈಲಿಗೆ ಬಂತು. ಬ್ರಾಹ್ಮಿ ಇಡೀ ಪರೀಕ್ಷೆಯಲ್ಲಿ ಮೂರನೆಯವಳು. ರೂಪಾಲಿ ಶಿರಾ ಮಾಡಿ ಓಣಿಗೆಲ್ಲ ಹಂಚಿದಳು. ಶ್ರೇಣಿಕನೂ ತಿಂದ. "ಹುಡುಗಿ ಶಾಣೇಕಿ ಅದಾಳ ಬಿಡು" ಎಂದ. ವೃಷಭನದು ಏನಾಯಿತು ಎಂದು ಅತ್ತೆ ಲಕ್ಷ್ಮಿಬಾಯಿ ಕೇಳಿದಾಗ, ಮೊಬೈಲು ಕಿಸೆಗೆ ಹಾಕಿಕೊಳ್ಳುತ್ತ, "ಅಂವನೂ ಪಾಸ ಆಗ್ಯಾನ, ಆಯಿ" ಎಂದ.

ಶೇರುದಾರನ ಸಹಿ ಬೇಕೆಂದು ಶಾಲೆಯಿಂದ ಹೇಳಿಕಳಿಸಿದಾಗ ರೂಪಾಲಿಗೆ ಅದು ದೊಡ್ಡ ಮಾತು ಎನಿಸಲಿಲ್ಲ. ಮನೆಯೊಳಗಿನ ಸಹಿ ತಾನೆ. ಶ್ರೇಣಿಕ "ನೋಡೂಣು" ಎಂದ. ಮರುದಿನವೂ ನೋಡೋಣ, ವಾರ ಕಳೆದರೂ ನೋಡೋಣ. ಕೊನೆಗೆ ಒಂದು ಬೆಳಿಗ್ಗೆ ಅವಳು ದಾರಿಗೆ ಅಡ್ಡ ನಿಂತು ಕೇಳಿದಳು.

"ಶೇರಿಗೆ ಒಂದ ಸೀಟ ಐತಿ" ಎಂದ ಶ್ರೇಣಿಕ, ಅವಳ ಮುಖ ನೋಡದೆ. "ವೃಷಭಂದೂ ಪಾಸ ಆಗೇತಿ. ಹುಡುಗಿ ನಾಳೆ ಇನ್ನೊಬ್ಬರ ಮನಿಗಿ ಹೋಗಾಕಿ. ಶೇರ ಈ ಮನ್ಯಾಗ ಉಳಿಯೂದು. ನೀನ ವಿಚಾರ ಮಾಡು."

"ನಾನೂ ಇನ್ನೊಬ್ಬರ ಮನಿಯಿಂದನ ಬಂದಾಕಿ, ಭಾವಾರ" ಎಂದಳು ರೂಪಾಲಿ. "ಬಂದ ಮ್ಯಾಲೆ ಈ ಮನಿ ರೊಟ್ಟಿ ಯಾರ ಬಡದಾರ? ಮಾವನೋರು ಹಾಸಿಗಿ ಹಿಡದಾಗ ಅವರ ಬಟ್ಟಿ ಯಾರ ಒಗದಾರ? ಆಕಿ ಮೂರನೇದಾಕಿ ಬಂದಾಳ. ನಿಮ್ಮ ಮಗಾ ಎಷ್ಟನೇದಾಂವ ಬಂದಾನ, ಅದನ್ನ ಹೇಳ್ರಿ ಮದಲ."

ಶ್ರೇಣಿಕ ಮೋಟರ್ ಸೈಕಲ್ ಹತ್ತಿ ಹೋದ. ಲಕ್ಷ್ಮಿಬಾಯಿ ಒಳಗಿನಿಂದ, "ದೊಡ್ಡಾಂವ ಅದಾನ, ಎದರ ಮಾತಾಡಬ್ಯಾಡ" ಎಂದಳು. ದೊಡ್ಡವನಾಗಿದ್ದಕ್ಕೆ ಸಣ್ಣತನ ಮಾಡುವ ಹಕ್ಕೂ ಬರುತ್ತದೆ ಎಂದು ಯಾವ ಶಾಸ್ತ್ರದಲ್ಲಿದೆಯೋ ಗೊತ್ತಿಲ್ಲ. ವೃಷಭನ ಮೇಲೆ ರೂಪಾಲಿಗೆ ಏನೂ ಸಿಟ್ಟಿರಲಿಲ್ಲ. ಟ್ರ್ಯಾಕ್ಟರಿನ ಹುಚ್ಚಿನ, ಪಾಪದ ಹುಡುಗ ಅವನು. ಸಿಟ್ಟೆಲ್ಲ ಆ ತಣ್ಣನೆಯ "ವಿಚಾರ ಮಾಡು" ಎಂಬ ಮಾತಿನ ಮೇಲೆ.

ಅದೇ ದಿನ ಅವಳು ಬಸ್ಸು ಹಿಡಿದು ಶಾಲೆಗೆ ಹೋಗಿ ರಾವಸಾಹೇಬನ ಕಿಟಕಿಯ ಮುಂದೆ ನಿಂತಳು. ಖುಲ್ಲಾ ಪಾಳಿಯ ಪಟ್ಟಿ ಆಗಲೇ ಪಕ್ಕದ ಗೋಡೆಗೆ ಅಂಟಿತ್ತು. ಮಾತು ಶುರು ಮಾಡಿದ್ದು ಮೆತ್ತಗೆ, ಮುಗಿಸುವಾಗ ಇಡೀ ವರಾಂಡ ಕೇಳುತ್ತಿತ್ತು. "ಮೂರನೇ ನಂಬರ ಬಂದ ಕೂಸಿಗೆ ಜಾಗಾ ಇಲ್ಲ, ಖುಲ್ಲಾದಾಗ ಆಕಿಗಿಂತ ಹಿಂದಿನವ್ರಿಗೆಲ್ಲಾ ಜಾಗಾ ಐತಿ. ಇದ ಯಾವ ಪ್ರತಿಭಾ ವರ್ಗರಿ? ಕಬ್ಬಿನ ವರ್ಗ ಅಂತ ಬೋರ್ಡ ಹಾಕ್ರಿ."

"ನಾ ಕೇಳೀನಿ, ನೀವ ಹೇಳೀರಿ, ವೈನಿ" ಎಂದ ರಾವಸಾಹೇಬ. "ನಂಬರ ಹೇಳ್ರಿ ಅಂತ ಒತ್ತಾಯ ಮಾಡಿಲ್ಲ." ಇಂಥವರ ಇಡೀ ಕಾರಕೂನಿಕೆ ನಿಂತಿರುವುದು ಈ ಒಂದು ಮಾತಿನ ಮೇಲೆ. ಆದರೂ ಅವನಿಗೆ ಹುಡುಗಿಯ ಅಂಕ ಗೊತ್ತಿತ್ತು. ಸ್ವಲ್ಪ ನಾಚಿಕೆಯೂ ಇತ್ತೇನೋ. ದನಿ ಇಳಿಸಿ ಹೇಳಿದ: "ಒಂದ ಹಾದಿ ಐತಿ ನೋಡ್ರಿ. ನೀವು ಆ ಶೇರಿನ ಮನಿಯವರಲ್ಲ ಅಂತಾದ್ರ ಆಕಿ ಹೆಸರ ತಾನ ಖುಲ್ಲಾಕ್ಕ ಹೋಗತೈತಿ. ಟ್ರಸ್ಟಿನ ಲೆಕ್ಕದಾಗ ಒಂದ ಒಲಿ ಅಂದ್ರ ಒಂದ ಮನಿ. ಒಲಿ ಬ್ಯಾರೆ ಆದ್ರ ಮನಿ ಬ್ಯಾರೆ. ನಾವು ಬಂದ ನೋಡತೇವಿ. ಆದ್ರ ಶೇರಿಗೂ ನಿಮಗೂ ಸಂಬಂಧ ಇಲ್ಲಂತ ನಿಮ್ಮ ಯಜಮಾನರು ಸಹಿ ಮಾಡಬೇಕಾಕ್ಕತಿ."

ಸನ್ಮತಿ ಕಬ್ಬಿಗೆ ನೀರು ಬಿಡುತ್ತಿದ್ದ. ಅವಳು ಬದುವಿನ ಮೇಲೆ ನಿಂತೇ ಎಲ್ಲ ಹೇಳಿದಳು. ಅಪ್ಪ ಹೋದ ಮೇಲೆ ಅಣ್ಣನೇ ಅವನಿಗೆ ಅಪ್ಪನಾಗಿದ್ದ. ಅವನ ಪ್ರಪಂಚದಲ್ಲಿ ಅಣ್ಣನ ಮಾತಿಗೆ ಎರಡಿರಲಿಲ್ಲ.

"ಶೇರ ಬಿಟ್ರ ಟೋಳಿ ಬರೂದಿಲ್ಲ" ಎಂದ. "ಕಬ್ಬ ನಿಂತಲ್ಲೇ ಒಣಗತೈತಿ."

"ಒಣಗಲಿ. ಬೆಲ್ಲದ ಗಾಣಕ್ಕ ಹಾಕೂಣು. ಕಬ್ಬ ಮತ್ತ ಚಿಗೀತೈತ್ರಿ. ಆಕಿ ಈ ವಯಸ್ಸ ಮತ್ತ ಬರೂದಿಲ್ಲ."

"ಅಣ್ಣನ ಬಿಟ್ಟ ಬ್ಯಾರೆ ಆಗೂದಂದ್ರ ಊರ ಏನ ಅಂದೀತು?"

"ನಿಮ್ಮಣ್ಣ ದೊಡ್ಡವರು ಖರೆ. ಬ್ರಾಹ್ಮಿ ಯಾರ ಮಗಳು?"

ಅವನು ಸನಿಕೆಯಿಂದ ಮಣ್ಣೆಳೆದು ಮಡೆ ಕಟ್ಟಿ, ನೀರನ್ನು ಮುಂದಿನ ಸಾಲಿಗೆ ತಿರುಗಿಸಿದ. ಆ ಸಾಲು ತುಂಬುವ ತನಕ ನೋಡುತ್ತ ನಿಂತು, "ನಾಳೆ ನಿಪ್ಪಾಣಿಯಿಂದ ಒಂದ ಶೆಗಡಿ ತರಸು" ಎಂದ.

ಹಿತ್ತಲ ಕಡೆಗೆ ಗೊಬ್ಬರದ ಚೀಲ ಇಡುವ ಖೋಲಿ ಇತ್ತು. ರೂಪಾಲಿ ಅದನ್ನು ಗುಡಿಸಿ, ತೊಳೆದು, ತವರಿನಿಂದ ತಂದ ಗ್ಯಾಸಿನ ಶೆಗಡಿಯನ್ನು ಕಲ್ಲಿನ ಮೇಲೆ ಇಟ್ಟಳು. ಗೊಬ್ಬರದ ವಾಸನೆ ಮೂರು ದಿನ ರೊಟ್ಟಿಗೂ ಹತ್ತಿತ್ತು. ನೆಗೆಣ್ಣಿ, ಅಂದರೆ ಶ್ರೇಣಿಕನ ಹೆಂಡತಿ, ಬಾಗಿಲಲ್ಲಿ ನಿಂತು ಅತ್ತಳು. ಎರಡು ಒಲೆ ಹೊತ್ತಿದ ಮೊದಲ ಸಂಜೆ ಸನ್ಮತಿ ತುತ್ತು ಕೈಯಲ್ಲೇ ಹಿಡಿದು ದೊಡ್ಡ ಅಡುಗೆಮನೆಯ ಕಡೆಗೆ ನೋಡುತ್ತ ಕೂತ. ಹೊತ್ತು ಮುಳುಗಿದ ಮೇಲೆ ಜೈನರ ಮನೆಯಲ್ಲಿ ಉಣ್ಣುವ ಹಾಗಿಲ್ಲವಾದ್ದರಿಂದ ಅರ್ಧ ಊಟದಲ್ಲೇ ಎದ್ದ.

ಕೆಲವು ದಿನ ಬಿಟ್ಟು ಟ್ರಸ್ಟಿನವರು ನೋಡಲು ಬಂದದ್ದೂ ಇಂಥದೇ ಸಂಜೆ ಉಣ್ಣುವ ಹೊತ್ತಿಗೆ, ಬೇಕಂತಲೇ. ಸೂರ್ಯ ಇಳಿಯುವ ಮುಂಚೆ ಈ ಜನ ಉಣ್ಣಲೇಬೇಕು, ಆಗ ಎರಡು ಒಲೆ ಖರೆಯೋ ನಾಟಕವೋ ಗೊತ್ತಾಗುತ್ತದೆ ಎಂದು ರಾವಸಾಹೇಬನಿಗೆ ತಿಳಿಯದ್ದಲ್ಲ. ಜೊತೆಗೆ ಟ್ರಸ್ಟಿನ ಕಮಿಟಿಯ ಒಬ್ಬ ಹಿರಿಯರು. ಇಬ್ಬರೂ ಹಿತ್ತಲ ಖೋಲಿಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ಬದನೆಕಾಯಿ ಪಲ್ಯ ಕುದಿಯುತ್ತಿತ್ತು. ದೊಡ್ಡ ಅಡುಗೆಮನೆಗೆ ಹೋಗಿ ಅಲ್ಲೂ ಮುಚ್ಚಳ ತೆಗೆದರು. ತನ್ನ ಮಗಳ ಬುದ್ಧಿಯನ್ನು ಅಳೆಯಲು ಈ ಗಂಡಸರು ತನ್ನ ಪಲ್ಯದ ಪಾತ್ರೆಯಲ್ಲಿ ಮೂಗು ಇಡುತ್ತಿದ್ದಾರಲ್ಲ ಎಂದು ರೂಪಾಲಿಗೆ ಮೈ ಉರಿಯಿತು. ಹಲ್ಲು ಕಚ್ಚಿ ನಿಂತಳು.

"ಅಜ್ಜಿ, ನಿಮ್ಮ ಊಟ ಯಾವ ಒಲಿಮ್ಯಾಲೆ?" ಎಂದು ಹಿರಿಯರು ಲಕ್ಷ್ಮಿಬಾಯಿಯನ್ನು ಕೇಳಿದರು.

"ನಾ ದೊಡ್ಡ ಮಗನ ಕೂಡ ಅದೀನ್ರಿ" ಎಂದಳು ಮುದುಕಿ. ರೂಪಾಲಿಯ ಕೆಲಸಕ್ಕೆ ಬೇಕಾದ ಮಾತೇ ಅದು. ಆದರೂ ಕಿವಿಗೆ ಬಿದ್ದಾಗ ಒಳಗೆ ಎಲ್ಲೋ ಚುರುಕ್ ಎಂದಿತು.

ಶ್ರೇಣಿಕ ಜಗಳ ತೆಗೆಯುತ್ತಾನೆ, ಇದೆಲ್ಲ ನಾಟಕ ಎನ್ನುತ್ತಾನೆ ಎಂದು ಅವಳು ನಾಲಿಗೆ ಮಸೆದುಕೊಂಡು ಕಾದಿದ್ದಳು. ಅವನು ಕುರ್ಚಿ ತರಿಸಿದ. ಚಹಾ ತರಿಸಿದ. "ಹೌದ್ರಿ, ಬ್ಯಾರೆ ಆಗ್ಯಾರ. ಶೇರಿಗೂ ಅವರಿಗೂ ಇನ್ನ ಸಂಬಂಧ ಇಲ್ಲ. ಹಂಗ ಬರಕೊಳ್ರಿ" ಎಂದ. ಸನ್ಮತಿ ಸಹಿ ಮಾಡಲು ಕೂತಾಗ ತನ್ನ ಕಿಸೆಯ ಪೆನ್ನನ್ನೇ ತೆಗೆದುಕೊಟ್ಟ. ಇಷ್ಟು ಸಲೀಸಾಗಿ ಒಪ್ಪಿದನಲ್ಲ ಎಂದು ರೂಪಾಲಿಗೆ ಆಗಲೇ ಅನಿಸಿತು. ಆದರೆ ಗೆದ್ದ ಅಮಲಿನಲ್ಲಿ ಅದನ್ನು ಬಿಡಿಸಿ ನೋಡಲಿಲ್ಲ.

ಶಾಲೆ ಸುರುವಾದ ದಿನ ಬ್ರಾಹ್ಮಿಯನ್ನು ಕರೆದುಕೊಂಡು ಹೋದಳು. ಹುಡುಗಿ ಹೊಸ ಚೀಲ ಹೆಗಲಿಗೆ ಹಾಕಿಕೊಂಡು, ಹಿಂತಿರುಗಿ ನೋಡದೆ ವರ್ಗದೊಳಗೆ ಹೋಗಿ ಕಿಟಕಿಯ ಪಕ್ಕ ಕೂತಳು. ರೂಪಾಲಿ ಹೊರಗಿನಿಂದ ಬೆಂಚುಗಳ ಮೇಲೆಲ್ಲ ಕಣ್ಣಾಡಿಸಿದಳು. ವೃಷಭ ಕಾಣಲಿಲ್ಲ.

"ನಮ್ಮ ವೃಷಭ ಎಲ್ಲಿ ಕೂತಾನ್ರಿ?" ಎಂದು ರಾವಸಾಹೇಬನನ್ನು ಕೇಳಿದಳು.

"ಯಾವ ವೃಷಭ? ಶ್ರೇಣಿಕರ ಮಗಾ?" ರಾವಸಾಹೇಬ ಕನ್ನಡಕ ತೆಗೆದು ಒರೆಸಿದ. "ಅಂವಾ ಪಾಸ ಆಗಿಲ್ಲಲ್ರಿ ವೈನಿ. ಶೇರಿನವ್ರಿಗೂ ಇಷ್ಟ ಅಂಕ ಬೇಕಂತ ಐತಿ. ಅವರ ಮೊಬೈಲಿಗೆ ಅವತ್ತ ಕಳಸೀವಿ. ನೀವ ಅಂವಂದ ಕೇಳಲಿಲ್ಲ, ನಾ ಹೇಳಲಿಲ್ಲ. ಆ ಶೇರಿನ ಸೀಟ ಖಾಲಿನ ಬಿದ್ದೈತಿ."

"ಅಂದ್ರ ಭಾವಾರು ಅವತ್ತ ಸಹಿ ಮಾಡಿದ್ರ ಬ್ರಾಹ್ಮಿಗೆ ಆ ಸೀಟ ಬರತಿತ್ತು."

"ಬರತಿತ್ತು."

"ಶೇರೂ ನಮಗ ಉಳೀತಿತ್ತು."

ರಾವಸಾಹೇಬ ತನ್ನ ಕಪಾಟಿನ ಕಡೆಗೆ ಒಮ್ಮೆ ನೋಡಿದ. ಸನ್ಮತಿಯ ಸಹಿ ಅದರೊಳಗಿತ್ತು.

ಮನೆಗೆ ಬರುವ ದಾರಿಯುದ್ದಕ್ಕೂ ರೂಪಾಲಿಗೆ ಎಲ್ಲ ಒಂದೊಂದಾಗಿ ಬಿಚ್ಚಿಕೊಳ್ಳುತ್ತ ಹೋಯಿತು. ನೋಡೋಣ, ನೋಡೋಣ ಎಂದು ವಾರ ತಳ್ಳಿದ್ದು, ಹುಡುಗಿ ಇನ್ನೊಬ್ಬರ ಮನೆಗೆ ಹೋಗುವವಳು ಎಂದು ಕೆಣಕಿದ್ದು, ಕುರ್ಚಿ, ಚಹಾ, ಪೆನ್ನು. ಆ ಸೀಟಿನಲ್ಲಿ ಕೂಡಿಸಲು ಅವನಿಗೆ ಪಾಸಾದ ಮಗನೇ ಇರಲಿಲ್ಲ. ಶೇರು, ಟೋಳಿಯ ಪಾಳಿ ಎಲ್ಲ ತನ್ನೊಬ್ಬನದಾಗಲು ತಮ್ಮನನ್ನು ಶೇರಿನಿಂದ ಹೊರಗೆ ಹಾಕಬೇಕಿತ್ತು. ಹೊರಗೆ ಹಾಕಿದ ಕೆಟ್ಟ ಹೆಸರು ತನಗೆ ಬರಬಾರದಾಗಿತ್ತು. ಅದಕ್ಕೆ ಅವಳ ಸಿಟ್ಟು ಅವನಿಗೆ ಬೇಕಾಗಿತ್ತು. ಊರಿಗೆಲ್ಲ ಗೊತ್ತಿದ್ದ ಸಿಟ್ಟು. ಮನೆ ಒಡೆದವಳು ಯಾರು ಎಂದು ನಾಳೆ ಯಾರು ಕೇಳಿದರೂ, ಹಿತ್ತಲ ಶೆಗಡಿ ಕಡೆಗೆ ಬೆರಳು ತೋರಿಸಿದರೆ ಸಾಕು.

ಮನೆ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ದೊಡ್ಡ ಅಡುಗೆಮನೆಯಲ್ಲಿ ಶ್ರೇಣಿಕ ಉಣ್ಣುತ್ತಿದ್ದ. ಅವನ ಪಕ್ಕದಲ್ಲಿ ಲಕ್ಷ್ಮಿಬಾಯಿ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ಮೊದಲ ತುತ್ತು ಎತ್ತುತ್ತಿದ್ದಳು. ರೂಪಾಲಿ ಚಪ್ಪಲಿ ಬಿಟ್ಟು ಹೊಸ್ತಿಲ ಮೇಲೆ ನಿಂತಳು.

"ಭಾವಾರ, ವೃಷಭ ಪಾಸ ಆಗಿಲ್ಲಂತ. ಸೀಟ ಖಾಲಿ ಬಿದ್ದೈತಂತ."

ಅವನು ತುತ್ತು ನುಂಗಿದ. ಸುಳ್ಳು ಹೇಳುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. "ನಿನಗ ಸೀಟ ಬೇಕಾಗಿತ್ತು, ಸಿಕ್ಕೈತಿ. ಒಲಿ ಹೂಡಿದಾಕಿ ನೀನ. ನಾ ಯಾರನ್ನೂ ಹೊರಗ ಹೋಗ ಅಂದಿಲ್ಲ."

"ಅಂದಿಲ್ಲ. ಅನ್ನಾಕ ಗಂಡಸ್ತನ ಬೇಕ ಭಾವಾರ. ಒಡಹುಟ್ಟಿದಾಂವಗ ಮೋಸ ಮಾಡೂಮುಂದ ನಿಮಗ ಪೆನ್ನ ಕೊಡಾಕೂ ನಾಚಿಕಿ ಬರಲಿಲ್ಲ."

ಲಕ್ಷ್ಮಿಬಾಯಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. "ಪಾಸ ಆಗ್ಯಾನ ಅಂದಿದ್ದಿ" ಎಂದಳು ಮಗನಿಗೆ. "ನನ್ನ ಮುಂದ ಅಂದಿದ್ದಿ."

"ನೀ ಉಣ್ಣ ಆಯಿ, ಹೊತ್ತ ಮುಳಗತೈತಿ" ಎಂದ ಶ್ರೇಣಿಕ.

ಮುದುಕಿ ಎದ್ದಳು. ನೆಲಕ್ಕೆ ಕೈ ಊರಿ, ಗೋಡೆ ಹಿಡಿದು, ತುಂಬಿದ ತಟ್ಟೆಯನ್ನು ಬಿಟ್ಟು ಎದ್ದಳು. ಒಮ್ಮೆ ಎದ್ದರೆ ನಾಳೆ ಸೂರ್ಯ ಹುಟ್ಟುವ ತನಕ ಅವಳಿಗೆ ಅನ್ನವಿಲ್ಲ, ನೀರೂ ಇಲ್ಲ. ಮದುವೆಯಾಗಿ ಬಂದಾಗಿನಿಂದ ಮುರಿಯದ ನೇಮ. ಕೈ ತೊಳೆದುಕೊಂಡು, ಅಂಗಳ ದಾಟಿ, ಹಿತ್ತಲ ಖೋಲಿಗೆ ಹೋಗಿ ಖಾಲಿ ಶೆಗಡಿಯ ಪಕ್ಕ ಕೂತಳು. ಅಲ್ಲಿ ಇನ್ನೂ ಅಡುಗೆಯೇ ಆಗಿರಲಿಲ್ಲ. ಹೊರಗೆ ಕಬ್ಬಿನ ಮೇಲಿನ ಬಿಸಿಲು ಹೋಗಿತ್ತು.

ರೂಪಾಲಿ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು. ಅವಳ ಎದೆ ಒಂದಿಷ್ಟೂ ಮೆತ್ತಗಾಗಿರಲಿಲ್ಲ. "ಈಗ ಬಂದ್ರಿ, ಅತ್ತಿ?" ಎಂದಳು. "ಅವತ್ತ ಸಹಿ ಮಾಡಂತ ಮಗನಿಗೆ ಒಂದ ಮಾತ ಹೇಳಿದ್ರ ಇಷ್ಟೆಲ್ಲಾ ಆಗತಿರಲಿಲ್ಲ. ಎದರ ಮಾತಾಡಬ್ಯಾಡ ಅಂತ ನನಗ ಹೇಳಿದ್ರಿ."

"ಹೇಳಿದ್ದೆ" ಎಂದಳು ಲಕ್ಷ್ಮಿಬಾಯಿ.

ಅದರ ಮೇಲೆ ಮುದುಕಿ ಕ್ಷಮೆ ಕೇಳಲಿಲ್ಲ, ಸೊಸೆ ಕ್ಷಮಿಸಲೂ ಇಲ್ಲ. ರೂಪಾಲಿ ಗೊಬ್ಬರದ ಚೀಲಗಳನ್ನು ಮೂಲೆಗೆ ಒತ್ತಿ ಜಾಗ ಮಾಡಿ, ಕೌದಿ ಕೊಡವಿ, ಅತ್ತೆಗೆ ಹಾಸಿಗೆ ಹಾಸಿದಳು.